ದೊಡ್ಡ ಕ್ಯಾರವಾನ್ ಓಲಾಡಿದರೆ, ತೇವ ಕಟ್ಟಿದರೆ, ಬ್ಯಾಟರಿ ಸತ್ತರೆ: ಬಿಡಿಭಾಗ ತರುವ ಮುಂಚೆ ಏನು ನೋಡಬೇಕು

ನಮ್ಮದು ಆರು ಜನ ಮಲಗುವ, ಎರಡು ಆಕ್ಸಲ್‌ನ ಕ್ಯಾರವಾನ್. ಕಾರಿನ ಹಿಂದೆ ಎಳೆದುಕೊಂಡು ಹೋಗುವಂಥದ್ದು. ನಾವಿಬ್ಬರು, ಮೂರು ಮಕ್ಕಳು. ಅದರಲ್ಲಿ ಬಂದ ತೊಂದರೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮೊನ್ನೆ ಅದನ್ನು ಮೊದಲಿಂದ ಓದಿದೆ. ಮುಕ್ಕಾಲು ಪಾಲು ಸಲ ಯಾವ ಭಾಗವೂ ಕೆಟ್ಟಿರಲಿಲ್ಲ! ಸಾಮಾನು ತಪ್ಪು ಜಾಗದಲ್ಲಿತ್ತು, ಇಲ್ಲವೇ ಐದು ಜನರ ಉಸಿರು ಗೋಡೆಗೆ ಕೂತಿತ್ತು, ಇಲ್ಲವೇ ಐದು ಜನರಿಗೆ ಬೇಕಾದಷ್ಟು ಕರೆಂಟು ಆ ಬ್ಯಾಟರಿಯಲ್ಲಿ ಇರಲೇ ಇಲ್ಲ. ಆದರೆ ಪ್ರತಿ ಸಲ ನಾನು ಮೊದಲು ಕೈ ಹಾಕಿದ್ದು ಮಾತ್ರ ಸ್ಪ್ಯಾನರ್‌ಗೆ.

ಹಾಗಾಗಿ ಈ ಕೈಪಿಡಿಯನ್ನು ತಿರುಗಿಸಿ ಬರೆದಿದ್ದೇನೆ. ಮೊದಲು ತೂಗಿ, ಅಳೆಯಿರಿ. ಆಮೇಲೆ ಬಿಚ್ಚಿ. ಓಲಾಟದಿಂದ ಶುರು ಮಾಡುತ್ತೇನೆ, ಯಾಕೆಂದರೆ ಬೇರೆಲ್ಲ ತೊಂದರೆ ರಜೆ ಹಾಳು ಮಾಡುತ್ತವೆ, ಇದು ಜೀವಕ್ಕೇ ಬರುತ್ತದೆ.

ಹಿಂದಿನಿಂದ ಓಲಾಟ

ಈಗ, ಈ ಕ್ಷಣ ಓಲಾಡುತ್ತಿದ್ದರೆ ಏನು ಮಾಡಬೇಕು ಅನ್ನುವುದು ಮೊದಲು. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಸ್ಟೀರಿಂಗ್ ನೇರ ಹಿಡಿದುಕೊಳ್ಳಿ. ಬ್ರೇಕನ್ನು ಜೋರಾಗಿ ತುಳಿಯಬೇಡಿ. ಓಲಾಟದ ಎದುರು ದಿಕ್ಕಿಗೆ ಸ್ಟೀರಿಂಗ್ ತಿರುಗಿಸಬೇಡಿ, ಏಕೆಂದರೆ ನಿಮ್ಮ ಕೈ ತಿರುಗುವಷ್ಟರಲ್ಲಿ ಕ್ಯಾರವಾನ್ ಆಚೆ ಬದಿಗೆ ಹೋಗಿರುತ್ತದೆ, ಆಗ ನೀವು ಅದಕ್ಕೆ ಇನ್ನಷ್ಟು ತಳ್ಳುಬಲ ಕೊಟ್ಟ ಹಾಗಾಗುತ್ತದೆ. ವೇಗ ಹೆಚ್ಚಿಸಿ ನೇರ ಮಾಡುತ್ತೇನೆ ಅನ್ನುವ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ದಯವಿಟ್ಟು ಬೇಡ. ವೇಗ ತಾನಾಗಿ ಇಳಿಯಲಿ.

ನಿಲ್ಲಿಸಿದ ಮೇಲೆ, ಏನಾಯಿತು ಅಂತ ನೆನಪು ಮಾಡಿಕೊಳ್ಳಿ. ದೊಡ್ಡ ಲಾರಿ ಪಕ್ಕದಲ್ಲಿ ದಾಟಿದಾಗ ಒಂದು ಸಲ ತಳ್ಳಿದ ಹಾಗಾಗಿ, ಒಂದೆರಡು ಓಲಾಟದಲ್ಲಿ ತಣ್ಣಗಾದರೆ ಅದು ಗಾಳಿ. ಅದು ಎಲ್ಲರಿಗೂ ಆಗುತ್ತದೆ. ಓಲಾಟ ಕಡಿಮೆಯಾಗದೆ ಹಾಗೇ ನಿಂತರೆ, ಅಥವಾ ಪ್ರತಿ ಸಲ ದೊಡ್ಡದಾಗುತ್ತಾ ಹೋದರೆ ಅದು ದೋಷ. ಒಂದು ವೇಗಕ್ಕೆ ಬಂದಾಗ ಶುರುವಾಗಿ ಹತ್ತು ಕಿಲೋಮೀಟರ್ ಇಳಿಸಿದ ತಕ್ಷಣ ಮಾಯವಾದರೆ, ನೂರಕ್ಕೆ ತೊಂಬತ್ತು ಸಲ ಅದು ಸಾಮಾನು ಜೋಡಿಸಿದ ರೀತಿಯ ತಪ್ಪು ಅಂತ ನಾನು ಹೇಳುತ್ತೇನೆ. ಇಳಿಜಾರಿನಲ್ಲಿ ಮಾತ್ರ ಬಂದರೂ ಅದೇ. ಸದಾ ಒಂದೇ ಕಡೆಗೆ ಎಳೆಯುತ್ತಿದ್ದರೆ ಮಾತ್ರ ಟೈರು, ಬ್ರೇಕು ನೋಡಿ.

ನಮಗೆ ಆದದ್ದು ಹೀಗೆ. ಎರಡನೇ ವರ್ಷದ ದೊಡ್ಡ ರಜೆ. ಇಳಿಜಾರಿನಲ್ಲಿ ಕ್ಯಾರವಾನ್ ಬಾಲ ಬೀಸತೊಡಗಿತು. ಹಿಂದಿನ ಸೀಟಿನಲ್ಲಿ ಮಕ್ಕಳು ಮಾತು ನಿಲ್ಲಿಸಿಬಿಟ್ಟರು. ಆ ಮೌನ ನನಗೆ ಇವತ್ತಿಗೂ ಮರೆತಿಲ್ಲ. ವಾಪಸ್ ಬಂದು ಹಿಚ್‌ನ, ಅಂದರೆ ಕ್ಯಾರವಾನನ್ನು ಕಾರಿಗೆ ಜೋಡಿಸುವ ಕೊಂಡಿಯ, ಸ್ಟೆಬಿಲೈಸರ್ ಪ್ಯಾಡ್‌ಗಳನ್ನು (ಓಲಾಟ ತಡೆಯಲು ಒತ್ತಿ ಹಿಡಿಯುವಂಥವು) ಬದಲಿಸಿದೆ. ಹಿಚ್ ಕೂರುವ ಕಾರಿನ ಹಿಂದಿನ ಗುಂಡು, ಅಂದರೆ ಟೋ ಬಾಲ್, ಉಜ್ಜಿ ಸ್ವಚ್ಛ ಮಾಡಿದೆ. ಹಿಚ್ ಮೇಲೆ ಬೀಳುವ ತೂಕ, ಅಂದರೆ ನೋಸ್ ವೇಟ್, ಅಳೆದೆ. ಸರಿಯಾಗಿತ್ತು. ಮುಂದಿನ ಸಲ ಮತ್ತೆ ಓಲಾಡಿತು.

ಈ 'ಸರಿಯಾಗಿತ್ತು' ಅನ್ನುವುದರಲ್ಲೇ ಮೋಸ ಇತ್ತು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೋಸ್ ವೇಟ್ ಸಾಮಾನ್ಯವಾಗಿ ಸಾಮಾನು ತುಂಬಿದ ಕ್ಯಾರವಾನಿನ ನಿಜವಾದ ತೂಕದ 5ರಿಂದ 7 ಶೇಕಡಾ ಇರಬೇಕು. 1,600 ಕಿಲೋ ಇದ್ದರೆ 80ರಿಂದ 112 ಕಿಲೋ. ಆದರೆ ಕಾರಿಗೆ ಒಂದು ಮಿತಿ ಇರುತ್ತದೆ, ಹಿಚ್‌ಗೆ ಇನ್ನೊಂದು. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ದೊಡ್ಡ ಕ್ಯಾರವಾನ್‌ಗಳಲ್ಲಿ ಎಷ್ಟೋ ಸಲ ಈ ಮಿತಿ ಬೇಕಾದ ತೂಕಕ್ಕಿಂತ ಕೆಳಗಿರುತ್ತದೆ. ಕಾರು ಕೊಳ್ಳುವ ಮುಂಚೆಯೇ ಇದನ್ನು ನೋಡಿಟ್ಟುಕೊಳ್ಳಿ.

ಈಗ ಮಕ್ಕಳ ಸಂಸಾರದ ಕ್ಯಾರವಾನಿನ ನಕ್ಷೆ ನೆನಪಿಸಿಕೊಳ್ಳಿ. ಮೇಲೊಂದು ಕೆಳಗೊಂದು ಬರ್ತ್ ಹೆಚ್ಚಾಗಿ ಎಲ್ಲಿರುತ್ತದೆ? ಹಿಂದುಗಡೆ. ಮಕ್ಕಳ ಪುಸ್ತಕ, ಆಟದ ಸಾಮಾನು, ಬಟ್ಟೆ ಚೀಲ ಎಲ್ಲ ಅಲ್ಲೇ. ಬರ್ತ್ ಕೆಳಗೆ ಹೊರಗಿನಿಂದ ತೆಗೆಯುವ ಬಾಗಿಲು ಇರುತ್ತದೆ, ಕುರ್ಚಿ ಮೇಜು ತುರುಕಲು ಎಷ್ಟು ಅನುಕೂಲ ಅಲ್ವಾ! ಸೈಕಲ್ ಸ್ಟ್ಯಾಂಡ್ ಹಾಕಿಸಿದರೆ ಅದೂ ಹಿಂದಿನ ಗೋಡೆಗೇ. ಆಕ್ಸಲ್‌ನಿಂದ ಹಿಚ್‌ಗೆ 5 ಮೀಟರ್, ಆಕ್ಸಲ್‌ನಿಂದ ಹಿಂದಿನ ಗೋಡೆಗೆ 3 ಮೀಟರ್ ಅಂತ ಇಟ್ಟುಕೊಳ್ಳಿ. ಹಿಂದಿನ ಗೋಡೆಯ ಹತ್ತಿರ 30 ಕಿಲೋ ಇಟ್ಟರೆ ನೋಸ್ ವೇಟ್ 18 ಕಿಲೋ ಇಳಿಯುತ್ತದೆ. ಏತದ ಲೆಕ್ಕ ಅಷ್ಟೇ.

ನಾನು ಏನು ಮಾಡಿದ್ದೆ ಅಂದರೆ, ಹಿಂದೆ ಸೈಕಲ್ ಹಾಕಿ, ಇಳಿದ ನೋಸ್ ವೇಟನ್ನು ಸರಿಮಾಡಲು ಮುಂದಿನ ಪೆಟ್ಟಿಗೆಯಲ್ಲಿ ಎರಡು ಗ್ಯಾಸ್ ಸಿಲಿಂಡರ್, ಟೂಲ್ ಬಾಕ್ಸ್, ಬಿಡಿ ಬ್ಯಾಟರಿ ತುಂಬಿದ್ದೆ. ತೂಕದ ಮೀಟರ್ ಸರಿ ಅಂತ ತೋರಿಸಿತು. ಆದರೆ ಕ್ಯಾರವಾನ್ ಎರಡು ತುದಿಗೆ ಗುಂಡು ಕಟ್ಟಿದ ಕೋಲಿನ ಹಾಗಾಗಿತ್ತು. ಅಂಥ ಕೋಲನ್ನು ನಡುವೆ ಹಿಡಿದು ತಿರುಗಿಸಿ ನೋಡಿ. ಒಮ್ಮೆ ತಿರುಗಲು ಶುರುವಾದರೆ ನಿಲ್ಲಿಸುವುದು ಕಷ್ಟ. ತಿರುಗುವ ಜಡತ್ವ ದೂರದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಆಕ್ಸಲ್‌ನಿಂದ ಅರ್ಧ ಮೀಟರ್ ದೂರ ಇಟ್ಟ ಚೀಲವನ್ನೇ 3 ಮೀಟರ್ ದೂರ ಇಟ್ಟರೆ ಅದರ ಪಾಲು 6 ಪಟ್ಟು ಅಲ್ಲ, 36 ಪಟ್ಟು. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದವರು ಕಾರು ಮತ್ತು ಟ್ರೇಲರ್ ಜೋಡಿಯನ್ನು ನಿಜವಾಗಿ ಓಡಿಸಿ ಪರೀಕ್ಷಿಸಿದಾಗಲೂ ವೇಗದ ಸ್ಥಿರತೆಯ ಮೇಲೆ ಜಾಸ್ತಿ ಪರಿಣಾಮ ಬೀರಿದ್ದು ಈ ತಿರುಗುವ ಜಡತ್ವ, ನೋಸ್ ವೇಟ್ ಮತ್ತು ಆಕ್ಸಲ್ ಇರುವ ಜಾಗ. ಆಕ್ಸಲ್ ಜಾಗ ನಮ್ಮ ಕೈಯಲ್ಲಿಲ್ಲ. ಉಳಿದ ಎರಡು ಪೂರ್ತಿ ನಮ್ಮ ಕೈಯಲ್ಲೇ ಇದೆ.

ಸೈಕಲ್‌ಗಳನ್ನು ಕಾರಿನ ಮೇಲೆ ಹಾಕಿದೆವು. ಟೆಂಟು, ಟೂಲ್ ಬಾಕ್ಸ್, ಡಬ್ಬಿಗಳು ಎಲ್ಲ ಆಕ್ಸಲ್ ಮೇಲೆ, ನೆಲಕ್ಕೆ. ಮೇಲಿನ ಕಪಾಟುಗಳಲ್ಲಿ ಹಗುರವಾದ ಬಟ್ಟೆ ಮಾತ್ರ. ಬಿಡಿ ಬ್ಯಾಟರಿ ಮನೆಯಲ್ಲಿ. ನೋಸ್ ವೇಟ್ ಹೆಚ್ಚುಕಡಿಮೆ ಮುಂಚಿನಷ್ಟೇ ಬಂತು. ಅದೇ ಇಳಿಜಾರು, ಅದೇ ವೇಗ. ಓಲಾಡಲಿಲ್ಲ.

ಅಳೆಯುವ ವಿಧಾನ ಸುಲಭ. ಹಿಚ್ ಕೆಳಗೆ ಬಾತ್‌ರೂಮ್ ತೂಕದ ಯಂತ್ರ, ಅದರ ಮೇಲೆ ಸರಿಯಾದ ಉದ್ದದ ಮರದ ತುಂಡು, ಜಾಕಿ ವೀಲ್ (ಮುಂದಿನ ಸಣ್ಣ ಆಸರೆ ಚಕ್ರ) ಎತ್ತಿ ಭಾರ ಬಿಡಿ. ಚಕ್ರಗಳಿಗೆ ಅಡ್ಡ ಇಟ್ಟಿರಲಿ. ಎರಡು ಆಕ್ಸಲ್ ಇದ್ದವರು ಒಂದು ವಿಷಯ ಖಂಡಿತ ಗಮನಿಸಿ: ಹಿಚ್ ಎತ್ತರ ಸ್ವಲ್ಪ ಬದಲಾದರೂ ನಮ್ಮ ನೋಸ್ ವೇಟ್ ತುಂಬಾ ಬದಲಾಗುತ್ತದೆ. ಮೂತಿ ಕೆಳಗಾದರೆ ಮುಂದಿನ ಆಕ್ಸಲ್ ಭಾರ ಹೊರುತ್ತದೆ, ಮೇಲಾದರೆ ಹಿಂದಿನದು. ಅದಕ್ಕೇ ಕಾರಿಗೆ ಜೋಡಿಸಿದಾಗ ಹಿಚ್ ಎಷ್ಟು ಎತ್ತರದಲ್ಲಿ ಇರುತ್ತದೋ ಅಷ್ಟೇ ಎತ್ತರದಲ್ಲಿ ಅಳೆಯಬೇಕು. ಕಾರಿನಲ್ಲೂ ಜನ, ಸಾಮಾನು ತುಂಬಿರಬೇಕು.

ಒಟ್ಟು ತೂಕಕ್ಕೆ ವಾಹನ ತೂಗುವ ವೇಬ್ರಿಡ್ಜ್ ಬೇಕೇ ಬೇಕು. ಅಂದಾಜು ನಂಬಬೇಡಿ. ಕ್ಯಾರವಾನಿಗೆ ಎರಡು ಸಂಖ್ಯೆ ಇರುತ್ತವೆ. ಖಾಲಿ ಇದ್ದಾಗಿನ ತೂಕ ಒಂದು, ತುಂಬಿದ ಮೇಲೆ ಮೀರಬಾರದ ತೂಕ ಇನ್ನೊಂದು. ಕಳೆದರೆ ಬರುವುದೇ ನಮಗೆ ಸಿಗುವ ಭಾರ. ಒಂದು ಉದಾಹರಣೆ: 1,800ರಲ್ಲಿ 1,620 ಕಳೆದರೆ 180 ಕಿಲೋ. ಕೇಳಲು ಜಾಸ್ತಿ ಅನ್ನಿಸುತ್ತದೆ. ಕಾರಿಲ್ಲದೆ ಸರಿಸಿ ನಿಲ್ಲಿಸಲು ಚಕ್ರ ತಿರುಗಿಸುವ ಮೋಟಾರ್ ಮೂವರ್ ಇದ್ದರೆ 30 ಹೋಯಿತು. ಪಕ್ಕಕ್ಕೆ ಕಟ್ಟುವ ಟೆಂಟು, ಕಂಬ ಸೇರಿ 30. ಬ್ಯಾಟರಿ 25. ಐದು ಜನರ ಬಟ್ಟೆಬರೆ ತಲಾ 10ರಂತೆ 50. ಪಾತ್ರೆ, ಊಟದ ಸಾಮಾನು 25. ಕುರ್ಚಿ, ಮೇಜು 20. ಅಲ್ಲಿಗೆ 180 ಮುಗಿಯಿತು, ಸೈಕಲ್ ಇನ್ನೂ ಮನೆಯಲ್ಲೇ ಇವೆ. ನೀರಿನ ಟ್ಯಾಂಕ್ ತುಂಬಿಕೊಂಡು ಹೊರಟರೆ ಒಂದು ಲೀಟರಿಗೆ ಒಂದು ಕಿಲೋ, ಆದ್ದರಿಂದ ಖಾಲಿ ಮಾಡಿಯೇ ಹೊರಡಿ. ಹಾಸಿಗೆ ಆರು ಇದೆ ಅಂದ ಮಾತ್ರಕ್ಕೆ ಆರು ಜನರ ಸಾಮಾನಿಗೆ ಭಾರ ಬಿಟ್ಟಿದ್ದಾರೆ ಅಂತ ಅಲ್ಲ.

ಸ್ಟೆಬಿಲೈಸರ್ ಬಗ್ಗೆ ಎರಡು ಮಾತು. ಘರ್ಷಣೆಯಿಂದ ಹಿಡಿಯುವ ಹಿಚ್ ಇದ್ದರೆ ಟೋ ಬಾಲ್‌ಗೆ ಗ್ರೀಸ್ ಹಚ್ಚಬಾರದು, ಬಣ್ಣವೂ ಇರಬಾರದು. ಒಣಗಿ ಸ್ವಚ್ಛ ಇರಬೇಕು. ನಿಧಾನವಾಗಿ ತಿರುಗುವಾಗ ಕಿರ್ ಕಿರ್ ಅಂತ ಕಿರುಚಿದರೆ ಪ್ಯಾಡ್ ಅಥವಾ ಬಾಲ್ ಮೇಲೆ ಕೊಳೆ ಕೂತಿದೆ. ಹೊಸ ಸ್ಟೆಬಿಲೈಸರ್ ಹಾಕಿದ ಮೇಲೆ ಓಲಾಟ ನಿಂತಿತು ಅಂತ ನೆಮ್ಮದಿ ಪಡಬೇಡಿ. ಅದು ತಪ್ಪು ಜೋಡಣೆಯನ್ನು ಮುಚ್ಚಿಡುತ್ತದೆ, ಸರಿ ಮಾಡುವುದಿಲ್ಲ. ಓಲಾಟ ಇನ್ನೂ ಹೆಚ್ಚಿನ ವೇಗದಲ್ಲಿ ಕಾಯುತ್ತಾ ಇರುತ್ತದೆ.

ಚಕ್ರಗಳು

ಎರಡು ಆಕ್ಸಲ್ ಕ್ಯಾರವಾನ್ ರಸ್ತೆಯಲ್ಲಿ ಸ್ಥಿರ. ಆದರೆ ಅದಕ್ಕೊಂದು ಅಪಾಯಕಾರಿ ಗುಣ ಇದೆ. ಒಂದು ಟೈರ್ ಗಾಳಿ ಹೋದರೂ ಪಕ್ಕದ್ದು ಭಾರ ಹೊತ್ತುಕೊಂಡುಬಿಡುತ್ತದೆ. ಕಾರಿನಲ್ಲಿ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಗಾಳಿ ಹೋದ ಟೈರ್ ಬಿಸಿಯಾಗಿ ಚಿಂದಿಯಾಗುತ್ತದೆ, ಹೊತ್ತುಕೊಂಡ ಟೈರೂ ಹಾಳಾಗುತ್ತದೆ. ಟೈರ್ ಒತ್ತಡ ತೋರಿಸುವ ಸೆನ್ಸರ್ ಹಾಕಿಸಿ. ಈ ಪಟ್ಟಿಯಲ್ಲಿ ದುಡ್ಡು ಖರ್ಚು ಮಾಡಿ ಅಂತ ನಾನು ಒತ್ತಿ ಹೇಳುವ ಕೆಲವೇ ವಸ್ತುಗಳಲ್ಲಿ ಅದೊಂದು.

ಕ್ಯಾರವಾನ್ ಟೈರ್ ಸವೆದು ಸಾಯುವುದು ಕಡಿಮೆ, ವಯಸ್ಸಾಗಿ ಸಾಯುವುದೇ ಹೆಚ್ಚು. ತಿಂಗಳುಗಟ್ಟಲೆ ನಿಂತಲ್ಲೇ ನಿಂತಿರುತ್ತವೆ. ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ. ಐದು ವರ್ಷ ದಾಟಿದ ಮೇಲೆ ಬದಲಿಸುವ ಯೋಚನೆ ಮಾಡಿ, ಏಳು ದಾಟಿದ್ದರೆ ಎಷ್ಟೇ ಹೊಸದಾಗಿ ಕಂಡರೂ ಬದಲಿಸಿ.

ಬ್ರೇಕು, ಬೇರಿಂಗ್ ಪರೀಕ್ಷೆಗೆ ನಾಲ್ಕು ಚಕ್ರ ಇರುವುದೇ ಒಂದು ವರ. ಅರ್ಧ ಗಂಟೆ ಓಡಿಸಿ ನಿಧಾನವಾಗಿ ನಿಲ್ಲಿಸಿ, ದೂರದಿಂದ ಬಿಸಿ ಅಳೆಯುವ ಥರ್ಮಾಮೀಟರ್ ಹಿಡಿದು ನಾಲ್ಕೂ ಹಬ್, ಅಂದರೆ ಚಕ್ರದ ನಡುಭಾಗ, ನೋಡಿ. ಬರಿಗೈ ಇಡಬೇಡಿ. ನಾಲ್ಕೂ ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ತುಂಬಾ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹೋಗುತ್ತಿದೆ. ಒಂದು ಮಾತ್ರ ತಣ್ಣಗಿದ್ದರೆ ಆ ಬ್ರೇಕ್ ಕೆಲಸ ಮಾಡುತ್ತಿಲ್ಲ. ಬ್ರೇಕ್ ಹಾಕಿದಾಗ ಹಿಂದಿನಿಂದ ಧಡ್ ಅಂತ ಗುದ್ದಿದರೆ ಹಿಚ್ ಹಿಂದಿನ ಡ್ಯಾಂಪರ್ (ಗುದ್ದು ತಾಳುವ ಭಾಗ) ಸವೆದಿದೆ. ಹಬ್ ಬಿಚ್ಚುವ ಕೆಲಸ ಮಾತ್ರ ವರ್ಕ್‌ಶಾಪಿಗೆ ಬಿಡಿ. ಎಷ್ಟೋ ಕ್ಯಾರವಾನ್‌ಗಳಲ್ಲಿ ಅಲ್ಲಿನ ನಟ್ ಒಂದೇ ಸಲ ಬಳಸುವಂಥದ್ದು, ಅದನ್ನು ಬಿಗಿಯುವ ಬಲವೂ ಮನೆಯ ಸ್ಪ್ಯಾನರ್‌ಗೆ ಮೀರಿದ್ದು.

ತೇವ: ಹೊರಗಿನ ಮಳೆಯೋ, ಒಳಗಿನ ಉಸಿರೋ

ಕೆಳಗಿನ ಬರ್ತ್ ಹಾಸಿಗೆ ಎತ್ತಿದಾಗ ತಳದಲ್ಲಿ ಕಪ್ಪು ಬೂಷ್ಟು. ನೋಡಿದ ತಕ್ಷಣ ಎದೆ ಧಸಕ್ ಅನ್ನುತ್ತದೆ, ಯಾಕೆಂದರೆ ಕ್ಯಾರವಾನಿಗೆ ನೀರು ಸೋರಿದರೆ ಗೋಡೆಯೊಳಗಿನ ಮರ ಕೊಳೆಯುತ್ತದೆ, ಅದರ ರಿಪೇರಿ ಬೇರೆ ಎಲ್ಲದಕ್ಕಿಂತ ದುಬಾರಿ. ನಾನೂ ಹಾಗೇ ಗಾಬರಿಯಾಗಿ ಆ ಮೂಲೆಗೆಲ್ಲ ಹೊಸ ಸೀಲಂಟ್ ಹಾಕಿಸಿದೆ. ಬೂಷ್ಟು ಮತ್ತೆ ಬಂತು.

ಲೆಕ್ಕ ಹಾಕಿ. ಮಲಗಿರುವ ಒಬ್ಬ ದೊಡ್ಡ ಮನುಷ್ಯ ಒಂದು ರಾತ್ರಿಯಲ್ಲಿ ಉಸಿರು, ಬೆವರಿನಿಂದ ಕಾಲು ಲೀಟರಿನಷ್ಟು ನೀರು ಹೊರಬಿಡುತ್ತಾನೆ. ಮಕ್ಕಳದು ಕಡಿಮೆ, ಐದು ಜನ ಸೇರಿದರೆ ಸುಮಾರು ಒಂದು ಲೀಟರ್. ಅದರ ಮೇಲೆ ಅಡುಗೆ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಿನ ಆವಿ ಹುಟ್ಟುತ್ತದೆ. ಒಲೆಯ ಆವಿ ನೇರ ಕೋಣೆಯೊಳಗೇ. ಮೇಲೆ ಒದ್ದೆ ಟವೆಲ್‌ಗಳು. ಈ ನೀರೆಲ್ಲ ಎಲ್ಲಿಗೆ ಹೋಗಬೇಕು? ಯಾವ ಜಾಗ ತಣ್ಣಗಿದೆಯೋ ಅಲ್ಲಿಗೆ. ಮಗುವಿನ ಬೆಚ್ಚಗಿನ ಮೈ ಮೇಲೆ, ತಣ್ಣಗಿನ ಪ್ಲೈವುಡ್ ಕೆಳಗೆ, ನಡುವೆ ಹಾಸಿಗೆ. ಅಲ್ಲಿ ಗಾಳಿಯೇ ಆಡುವುದಿಲ್ಲ.

ಎರಡನ್ನೂ ಬೇರೆ ಮಾಡುವ ಪರೀಕ್ಷೆ ಸರಳ. ಒಣಗಿಸಿ, ಕಿಟಕಿ ಮುಚ್ಚಿ, ಹಾಸಿಗೆಗಳನ್ನೆಲ್ಲ ನಿಲ್ಲಿಸಿ, ಮಳೆಗಾಲದಲ್ಲಿ ಒಂದು ವಾರ ಖಾಲಿ ಬಿಡಿ. ಯಾರೂ ಮಲಗಬೇಡಿ. ಆಮೇಲೆ ತೇವ ಅಳೆಯುವ ಮೀಟರ್‌ನಿಂದ ನೋಡಿ. ಜನ ಇಲ್ಲದಾಗಲೂ ತೇವ ಏರಿದ್ದರೆ ಅದು ಸೋರಿಕೆ. ಜನ ಇದ್ದಾಗ ಮಾತ್ರ ಬಂದರೆ ಉಸಿರು. ಮೀಟರ್‌ನಲ್ಲಿ 15 ಶೇಕಡಾ ಒಳಗಿದ್ದರೆ ಚಿಂತೆ ಬೇಡ. 15ರಿಂದ 20 ಇದ್ದರೆ ತಿಂಗಳಿಗೊಮ್ಮೆ ನೋಡುತ್ತಿರಿ. 20 ದಾಟಿದರೆ ಹುಡುಕಬೇಕು. 30 ದಾಟಿದ್ದರೆ ಒಳಗಿನ ಮರ ಆಗಲೇ ಮೆತ್ತಗಾಗಿರುವ ಸಾಧ್ಯತೆ ಹೆಚ್ಚು. ಹೆಬ್ಬೆರಳಿನಿಂದ ಒತ್ತಿ ನೋಡಿ, ಗೋಡೆ ಒಳಗೆ ಹೋಗುತ್ತದೆ. ಒಂದೇ ಸಂಖ್ಯೆಗಿಂತ ಪಕ್ಕದ ಜಾಗಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದೇ ಹೆಚ್ಚು ಹೇಳುತ್ತದೆ. ಗೋಡೆಯ ಉದ್ದಕ್ಕೂ 12, 13, 12 ಬಂದು ಒಂದು ಮೂಲೆಯಲ್ಲಿ 24 ಬಂದರೆ ಅಲ್ಲೇ ನಿಲ್ಲಿ.

ಸೋರಿಕೆಯೇ ಆದರೆ, ತೇವ ಕಂಡ ಜಾಗದಲ್ಲೇ ತೂತು ಇರುತ್ತದೆ ಅಂದುಕೊಳ್ಳಬೇಡಿ. ನೀರು ಮೇಲೆ ಟೆಂಟು ಕಟ್ಟುವ ಅಲ್ಯೂಮಿನಿಯಂ ಪಟ್ಟಿಯಲ್ಲಿ ಒಳಹೊಕ್ಕು, ಮರದ ಚೌಕಟ್ಟಿನ ಮೇಲೆ ಹರಿದು, ಎರಡು ಮೂರು ಮೀಟರ್ ಆಚೆ ಕೆಳಗಿನ ಮೂಲೆಯಲ್ಲಿ ಹೊರಬರುತ್ತದೆ. ಯಾವಾಗಲೂ ಮೇಲಿನಿಂದ ಕೆಳಗೆ ಹುಡುಕಿ: ಛಾವಣಿ ಕಿಟಕಿಯ ಅಂಚು, ಮೂಲೆಯ ಪಟ್ಟಿಗಳು, ದೀಪದ ಹಿಂದೆ, ಕಿಟಕಿ ರಬ್ಬರು, ಕ್ಯಾರವಾನ್ ಹಿಡಿದು ತಳ್ಳಲು ಇರುವ ಹಿಡಿಕೆಗಳ ಸ್ಕ್ರೂ ತೂತು. ಪಟ್ಟಿಯ ಮೇಲಿನಿಂದ ಸಿಲಿಕೋನ್ ಬಳಿಯುವುದು ರಿಪೇರಿ ಅಲ್ಲ. ಒಳಗೆ ಹೋದ ನೀರು ಅಲ್ಲೇ ಸಿಕ್ಕಿಬೀಳುತ್ತದೆ. ಪಟ್ಟಿ ಬಿಚ್ಚಿ, ಹಳೆಯದನ್ನು ಕೆರೆದು, ಗಟ್ಟಿಯಾಗದ ಬ್ಯೂಟೈಲ್ ಸೀಲಂಟ್ ಹಾಕಿ ಮತ್ತೆ ಕೂರಿಸಬೇಕು.

ಉಸಿರಿನ ತೇವವಾದರೆ ಹಾಸಿಗೆ ಕೆಳಗೆ ಗಾಳಿಯಾಡುವ ಜಾಲರಿ ಹಾಸು, ಗೋಡೆಯಿಂದ ಎರಡು ಬೆರಳು ಜಾಗ, ಛಾವಣಿ ಕಿಟಕಿ ರಾತ್ರಿ ಒಂದಿಷ್ಟು ತೆರೆದಿರಲಿ. ಬೆಳಗ್ಗೆ ಎದ್ದ ಮೇಲೆ ಹಾಸಿಗೆ ಎತ್ತಿ ನಿಲ್ಲಿಸುವ ಕೆಲಸವನ್ನು ನಮ್ಮ ಮಕ್ಕಳೇ ಮಾಡುತ್ತಾರೆ. ಚಳಿ ಅಂತ ನೆಲದ, ಕೆಳಗಿನ ಗಾಳಿ ಕಂಡಿಗಳನ್ನು ಮಾತ್ರ ಯಾವತ್ತೂ ಮುಚ್ಚಬೇಡಿ. ಅವು ಇರುವುದು ಸೋರಿದ ಗ್ಯಾಸ್ ಕೆಳಗಿಳಿದು ಹೊರಹೋಗಲಿ, ನಿಮಗೆ ಉಸಿರಾಡಲು ಗಾಳಿ ಸಿಗಲಿ ಅಂತ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಮಕ್ಕಳನ್ನು ಮಲಗಿಸಬೇಡಿ.

ಕರೆಂಟು

"ಅಪ್ಪಾ, ನೀರು ಬರ್ತಿಲ್ಲ." ರಾತ್ರಿ ಹತ್ತು ಗಂಟೆ. ದೀಪ ಮಂಕಾಗಿದೆ, ಪಂಪ್ ಗೊರಗೊರ ಅನ್ನುತ್ತಿದೆ. ಬ್ಯಾಟರಿ ಹೋಯಿತು ಅಂತ ಹೊಸದು ತರಲು ಹೊರಡಬೇಡಿ, ಮಲ್ಟಿಮೀಟರ್ ತನ್ನಿ.

ಎಲ್ಲ ಆರಿಸಿ, ಚಾರ್ಜರ್ ತೆಗೆದು, ಒಂದೆರಡು ಗಂಟೆ ಬಿಟ್ಟು ಅಳೆಯಿರಿ. ಸೀಸದ ಬ್ಯಾಟರಿ ಪೂರ್ತಿ ತುಂಬಿದ್ದರೆ 12.7 ವೋಲ್ಟ್. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. ಅದಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಅಂದರೆ 100 ಆಂಪಿಯರ್ ಅವರ್ (ಆಂಪಿಯರ್ ಗುಣಿಸು ಗಂಟೆ) ಅಂತ ಬರೆದಿದ್ದರೂ ನಿಮ್ಮ ಪಾಲಿಗೆ ಇರುವುದು 50. ಹೀಟರ್‌ನ ಫ್ಯಾನ್ ರಾತ್ರಿ ಎಂಟು ಗಂಟೆ ಓಡಿದರೆ ಹತ್ತು, ಹದಿನೈದು ಹೋಗುತ್ತದೆ. 30 ವ್ಯಾಟ್ ಟಿವಿ ಮೂರು ಗಂಟೆಗೆ ಏಳೂವರೆ. ಐದು ಜನರ ಫೋನು, ಟ್ಯಾಬ್. ಎರಡನೇ ರಾತ್ರಿಗೆ ಖಾಲಿ ಆದರೆ ಬ್ಯಾಟರಿ ಕೆಟ್ಟಿಲ್ಲ, ಸಾಲುತ್ತಿಲ್ಲ.

ಬ್ಯಾಟರಿ ತುಂಬಿದ್ದರೂ ಪಂಪ್ ಸೊರಗಿದರೆ, ಪಂಪ್ ಓಡುತ್ತಿರುವಾಗಲೇ ಎರಡು ಕಡೆ ಅಳೆಯಿರಿ. ಬ್ಯಾಟರಿ ತುದಿಯಲ್ಲಿ 12.5, ಪಂಪ್ ತುದಿಯಲ್ಲಿ 11.3 ಬಂದರೆ ನಡುವೆ ಎಲ್ಲೋ ವೋಲ್ಟೇಜ್ ಸೋರಿಹೋಗುತ್ತಿದೆ. ಫ್ಯೂಸ್ ಹೋಲ್ಡರ್, ತುಕ್ಕು ಹಿಡಿದ ಕನೆಕ್ಟರ್, ಸಡಿಲ ಅರ್ತ್. ಪಂಪ್ ಓಡದೇ ಇರುವಾಗ ಅಳೆದರೆ ಎಲ್ಲ ಸರಿಯಾಗೇ ಕಾಣುತ್ತದೆ. ಹೊರಗಿನ ಕರೆಂಟಿಗೆ ಜೋಡಿಸಿದ ಮೇಲೆ ಬ್ಯಾಟರಿಯಲ್ಲಿ 13.8ರ ಆಸುಪಾಸು ಬರಬೇಕು. ಬರಲಿಲ್ಲ ಅಂದರೆ ಚಾರ್ಜರ್ ಅಥವಾ ಅದರ ಫ್ಯೂಸ್.

ಎಳೆದುಕೊಂಡು ಹೋಗುವಾಗ ಚಾರ್ಜ್ ಆಗುತ್ತಿಲ್ಲವೇ? ಕಾರಿಗೂ ಕ್ಯಾರವಾನಿಗೂ ಕರೆಂಟ್ ಜೋಡಿಸುವ 13 ಪಿನ್ ಪ್ಲಗ್‌ನಲ್ಲಿ 9ನೆಯದು ಸದಾ ಇರುವ 12 ವೋಲ್ಟ್, 10ನೆಯದು ಎಂಜಿನ್ ಚಾಲೂ ಇದ್ದಾಗ ಬರುವುದು, ಫ್ರಿಜ್‌ಗೆ. ಅವುಗಳ ವಾಪಸ್ ತಂತಿ 13 ಮತ್ತು 11. 10ರಲ್ಲಿ ಕರೆಂಟ್ ಇದ್ದು 11 ತುಕ್ಕು ಹಿಡಿದಿದ್ದರೂ ಫ್ರಿಜ್ ಸತ್ತ ಹಾಗೇ. ಹೊಸ ಕಾರುಗಳ ಸ್ಮಾರ್ಟ್ ಆಲ್ಟರ್ನೇಟರ್ (ಎಂಜಿನ್‌ನಿಂದ ಕರೆಂಟು ಹುಟ್ಟಿಸುವ ಯಂತ್ರ) ಬೇಕಾದಾಗ ಮಾತ್ರ ಪೂರ್ತಿ ವೋಲ್ಟೇಜ್ ಕೊಡುತ್ತದೆ, ಅಂಥ ಕಡೆ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದ ಮಟ್ಟಕ್ಕೆ ತರುವ ಡಿಸಿ ಟು ಡಿಸಿ ಚಾರ್ಜರ್ ಹಾಕಿಸದೆ ಬೇರೆ ದಾರಿ ಇಲ್ಲ.

ಟ್ರಿಪ್ ಆಗುವುದರಲ್ಲೂ ಎರಡು ಬಗೆ. ಎಂಸಿಬಿ, ಅಂದರೆ ಹೆಚ್ಚು ಕರೆಂಟ್ ಹರಿದರೆ ಬೀಳುವ ಸ್ವಿಚ್, ಬಿದ್ದರೆ ಭಾರ ಜಾಸ್ತಿ. 230 ವೋಲ್ಟ್, 10 ಆಂಪಿಯರ್ ಪಾಯಿಂಟ್‌ನಲ್ಲಿ ಸಿಗುವುದು 2,300 ವ್ಯಾಟ್. ಹೀಟರ್ 1,000, ಕೆಟಲ್ 2,000. ಒಬ್ಬರು ನೀರು ಕಾಯಿಸುವಾಗ ಇನ್ನೊಬ್ಬರು ಹೀಟರ್ ಆರಿಸಬೇಕು. ಆರ್‌ಸಿಡಿ, ಅಂದರೆ ಕರೆಂಟ್ ಸೋರಿಕೆ ಹಿಡಿಯುವ ಸ್ವಿಚ್, ಬಿದ್ದರೆ ಕರೆಂಟ್ ಎಲ್ಲೋ ನೆಲಕ್ಕೆ ಸೋರುತ್ತಿದೆ. ಅದನ್ನು ಸುಮ್ನೆ ಮತ್ತೆ ಮತ್ತೆ ಎತ್ತಬೇಡಿ. ಎಲ್ಲ ಪ್ಲಗ್ ತೆಗೆದು ಒಂದೊಂದಾಗಿ ಹಾಕುತ್ತಾ ಬನ್ನಿ. ಹೆಚ್ಚಾಗಿ ಸಿಕ್ಕಿಬೀಳುವುದು ವಾಟರ್ ಹೀಟರ್ ಅಥವಾ ಫ್ರಿಜ್‌ನ ಬಿಸಿ ಮಾಡುವ ಕಾಯಿಲ್.

ಫ್ರಿಜ್, ಪಂಪ್

ಗ್ಯಾಸಿನಲ್ಲೂ ಓಡುವ ಫ್ರಿಜ್‌ಗೆ ಕಂಪ್ರೆಸರ್ ಇಲ್ಲ. ಅಮೋನಿಯಾ ಬಿಸಿಯಾಗಿ ಮೇಲೇರಿ ತನ್ನ ಭಾರಕ್ಕೆ ತಾನೇ ಇಳಿದು ಬರಬೇಕು. ಆದ್ದರಿಂದ ಮೊದಲು ಸಮಮಟ್ಟ ನೋಡಿ. ಕ್ಯಾರವಾನ್ ವಾಲಿದ್ದರೆ ಫ್ರಿಜ್ ತಣ್ಣಗಾಗುವುದಿಲ್ಲ. ಸಮಮಟ್ಟ ಇದೆ, ಗ್ಯಾಸಿನಲ್ಲಿ ತಣ್ಣಗಾಗುತ್ತದೆ, 230 ವೋಲ್ಟ್‌ನಲ್ಲಿ ಇಲ್ಲ ಅಂದರೆ ಕಾಯಿಲ್ ಹೋಗಿದೆ. ಕರೆಂಟಿನಲ್ಲಿ ಆಗುತ್ತದೆ, ಗ್ಯಾಸಿನಲ್ಲಿ ಇಲ್ಲ ಅಂದರೆ ಬರ್ನರ್ ಕೊಳೆ, ರೆಗ್ಯುಲೇಟರ್, ಅಥವಾ ಚಳಿಯಲ್ಲಿ ಬ್ಯೂಟೇನ್ ಸಿಲಿಂಡರ್. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಪ್ರೊಪೇನ್‌ಗೆ ಆ ತೊಂದರೆ ಇಲ್ಲ. ಯಾವುದರಲ್ಲೂ ತಣ್ಣಗಾಗದೆ ಹಿಂದೆ ಹಳದಿ ಪುಡಿ, ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಇದ್ದರೆ ಆ ಘಟಕ ಮುಗಿಯಿತು, ತಕ್ಷಣ ಆರಿಸಿ ಕಿಟಕಿ ತೆಗೆಯಿರಿ. 12 ವೋಲ್ಟ್ ಇರುವುದು ಆಗಲೇ ಇರುವ ತಂಪು ಕಾಪಾಡಲು ಮಾತ್ರ. ಹೊರಡುವ ಹಿಂದಿನ ದಿನವೇ ಚಾಲೂ ಮಾಡಿ, ತಣ್ಣಗಿನ ಸಾಮಾನೇ ತುಂಬಿ.

ನಲ್ಲಿ ಎಲ್ಲ ಮುಚ್ಚಿದ್ದರೂ ಪಂಪ್ ಆಗಾಗ ಟಕ್ ಅಂತ ಓಡಿ ನಿಂತರೆ ಎಲ್ಲೋ ನೀರು ಸೋರುತ್ತಿದೆ, ಇಲ್ಲವೇ ಪ್ರೆಶರ್ ಸ್ವಿಚ್ ತೀರಾ ಬಿಗಿ ಇದೆ. ಮೊದಲು ಪೈಪ್ ಜೋಡಣೆಗಳಿಗೆ ಒಣ ಟಿಶ್ಯೂ ಸುತ್ತಿ ನೋಡಿ. ಪಂಪ್ ಓಡುತ್ತದೆ, ನೀರಿಲ್ಲ ಅಂದರೆ ಮುಳುಗುವ ಪಂಪನ್ನು ನೀರೊಳಗೇ ಅಲ್ಲಾಡಿಸಿ, ಗಾಳಿ ಗುಳ್ಳೆ ಹೊರಬರುತ್ತದೆ. ನೀರಿನ ಡ್ರಮ್ ಖಾಲಿಯಾಗಿದ್ದರೆ ಪಂಪ್ ತಕ್ಷಣ ಆರಿಸಿ, ಒಣಗಿ ಓಡಿದರೆ ಸುಡುತ್ತದೆ. ಐದು ಜನ ಸ್ನಾನ ಮಾಡುವಾಗ 40 ಲೀಟರ್ ಡ್ರಮ್ ಎಷ್ಟು ಬೇಗ ಮುಗಿಯುತ್ತದೆ ಅನ್ನುವುದು ಮೊದಲ ದಿನವೇ ಗೊತ್ತಾಗುತ್ತದೆ.

ಇನ್ನೂ ಕೊಂಡಿಲ್ಲದವರಿಗೆ

ಇದೇ ಪರೀಕ್ಷೆಗಳನ್ನು ಕೊಳ್ಳುವ ದಿನ ಮಾಡಿ. ತೇವದ ಮೀಟರ್ ಜೇಬಿನಲ್ಲಿರಲಿ. ಬರ್ತ್ ಹಾಸಿಗೆ ಎತ್ತಿ, ಮುಂದಿನ ಪೆಟ್ಟಿಗೆಯ ಮೂಲೆ ಒತ್ತಿ, ಟೈರ್ ಮೇಲಿನ ನಾಲ್ಕು ಅಂಕಿ ಓದಿ. ತೂಕದ ತಗಡಿನ ಫೋಟೋ ತೆಗೆದುಕೊಂಡು ಮನೆಗೆ ಬಂದು ನಿಮ್ಮ ಸಾಮಾನಿನ ಪಟ್ಟಿ ಬರೆದು ಕಳೆಯಿರಿ. ಖಾಲಿ ತೂಕದಲ್ಲಿ ಬ್ಯಾಟರಿ, ಗ್ಯಾಸ್ ಸೇರಿದೆಯೋ ಇಲ್ಲವೋ ಅಂತ ಕೇಳಿ, ಒಬ್ಬೊಬ್ಬ ತಯಾರಕರದು ಒಂದೊಂದು ರೀತಿ. ಲೆಕ್ಕ ಸೊನ್ನೆಗಿಂತ ಕೆಳಗೆ ಹೋದರೆ, ಆ ಮಾದರಿಯ ಗರಿಷ್ಠ ತೂಕವನ್ನು ಕಾಗದದಲ್ಲಿ ಏರಿಸಲು ತಯಾರಕರು ಒಪ್ಪುತ್ತಾರಾ ಅಂತ ವಿಚಾರಿಸಿ. ಆಕ್ಸಲ್‌ಗೆ ಶಕ್ತಿ ಇದ್ದರೆ ಕೆಲವು ಮಾದರಿಗಳಲ್ಲಿ ಆಗುತ್ತದೆ. ಆಗ ನಿಮ್ಮ ಕಾರು ಅಷ್ಟು ಎಳೆಯಬಲ್ಲದಾ ಅಂತ ಮತ್ತೆ ಮೊದಲಿಂದ ನೋಡಬೇಕು. ಅನುಭವ ಇಲ್ಲದವರಿಗೆ ತುಂಬಿದ ಕ್ಯಾರವಾನ್ ಕಾರಿನ ತೂಕದ 85 ಶೇಕಡಾ ಒಳಗಿರಲಿ ಅನ್ನುವ ಹಳೆಯ ಸಲಹೆ ಇದೆ. ದೊಡ್ಡ ಕ್ಯಾರವಾನಿಗೆ ಅದನ್ನು ಪಾಲಿಸಬೇಕಾದರೆ ಕಾರೂ ಭಾರಿಯಾದದ್ದೇ ಬೇಕು.

ಎರಡು ನಕ್ಷೆ ಇಷ್ಟವಾಗಿ ಯಾವುದು ಅಂತ ತೋಚದಿದ್ದರೆ, ಆಕ್ಸಲ್ ಮೇಲೆ ನೆಲಮಟ್ಟದಲ್ಲಿ ದೊಡ್ಡ ಕಪಾಟು ಯಾವುದರಲ್ಲಿ ಇದೆಯೋ ಅದನ್ನು ಆರಿಸಿ. ಕೆಲವದರಲ್ಲಿ ಅಲ್ಲಿ ಫ್ರಿಜ್ ಮತ್ತು ಒಲೆ ಕೂತಿರುತ್ತವೆ, ನಮಗೆ ಉಳಿಯುವುದು ಎರಡು ತುದಿಗಳು ಮಾತ್ರ. ನಮ್ಮದು ಅಂಥದ್ದೇ. ಅದಕ್ಕೇ ಪ್ರತಿ ಸಲ ಹೊರಡುವಾಗ ಟೆಂಟನ್ನು ನಡುವಿನ ಓಡಾಡುವ ಜಾಗದಲ್ಲಿ ನೆಲದ ಮೇಲೆ ಮಲಗಿಸಿ, ಪಟ್ಟಿಯಿಂದ ಬಿಗಿದು, ತಲುಪಿದ ಮೇಲೆ ಮೊದಲು ಅದನ್ನು ಹೊರಗೆಳೆದೇ ಒಳಗೆ ಕಾಲಿಡುತ್ತೇವೆ.